ಉಸಿರು ಅಳೆಯಲು ಹೋದೆವು

ಇನ್ನೊಬ್ಬರ ಉಸಿರು ಅಳೆಯುವ ಕೆಲಸ ಹಿಡಿದವನಿಗೆ ತನ್ನ ನಗು ತಡೆಯುವುದೇ ದೊಡ್ಡ ವ್ಯಾಯಾಮ. ತೊಂಬತ್ತರ ದಶಕದಲ್ಲಿ ನಾನೂ ನಮ್ಮ ಡಾಕ್ಟರೂ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಗೆ, ಅಂದರೆ ಗೋದಾಮಿಗೆ, ಹೋಗುತ್ತಿದ್ದೆವು. ಅಲ್ಲಿ ದುಡಿಯುವ ಹೆಂಗಸರ ಮುಖಕ್ಕೆ ಮಾಸ್ಕ್ ಕಟ್ಟಿಸಿ, ಸ್ಟೂಲು ಹತ್ತಿಸಿ ಇಳಿಸುವುದು ನಮ್ಮ ಕೆಲಸ. ಉಸಿರಿನ ಏರಿಳಿತವನ್ನು ಯಂತ್ರದ ಮುಳ್ಳು ಕಾಗದದ ಮೇಲೆ ಗೀಚುತ್ತಿತ್ತು. ದುಡಿಯುವವರ ಉಸಿರಾಟದ ಒಂದು ಮಾದರಿ ಕಟ್ಟುವುದು ಡಾಕ್ಟರ ಉದ್ದೇಶ. ವಖಾರಿಯ ಸಾಹುಕಾರರು ತರಿಸಿದ್ದ ದಪ್ಪ ಮಾಸ್ಕಿನಲ್ಲಿ ಹೆಂಗಸರಿಗೆ ಉಸಿರು ಕಟ್ಟುತ್ತಿತ್ತು, ತೆಗೆದರೆ ಧೂಳಿಗೆ ಕೆಮ್ಮು. ಪಾಪ, ಅವರಿಗೆ ತೆಳ್ಳನೆಯದು ಸಿಗಲಿ ಎಂದು ನಮಗೆ ಬಹಳ ಆಸೆ ಇತ್ತು.

ಕಿಂಡಿ

ಮೊದಲು ಸ್ಟೂಲು ಹತ್ತಿದವಳು ಎಲ್ಲರಿಗಿಂತ ಹೆಚ್ಚು ಕೆಮ್ಮುತ್ತಿದ್ದ ಹಿರಿಯಕ್ಕ.

"ತ್ರಾಸ ಆಗಾಕತ್ತೈತೇನ್ರಿ?" ಎಂದರು ಡಾಕ್ಟರು.

ಅಕ್ಕ ಕಣ್ಣು ಮೇಲೆ ಮಾಡಿ "ಹ್ಞೂಂ, ಹ್ಞೂಂ" ಎಂದು ಕೈ ಬೀಸಿದಳು. ಡಾಕ್ಟರು ಗಾಬರಿಯಾಗಿ ಮಾಸ್ಕ್ ಕಿತ್ತರು. ಆಕೆ ಹೊರಗೆ ಓಡಿ ಉಗುಳಿ ಬಂದಳು. ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕು, ಮಿಸ್ರಿ!

"ಬಾಯಾಗ ಮಿಸ್ರಿ ಇತ್ರಿ. ಉಗಳಾಕ ಇದಕ್ಕೊಂದು ಕಿಂಡಿ ಇಡ್ರೆಲ್ಲ!"

ಪೈಲವಾನ

ಗಟ್ಟಿ ಆಳಿನ ಉಸಿರು ಹೇಗಿರುತ್ತದೆಂದು ಹೋಲಿಸಿ ನೋಡಲು ಸದಲಗಾದಿಂದ ಒಬ್ಬ ಪೈಲವಾನನನ್ನು ಕರೆಸಿದೆವು. ಆತ ಹತ್ತಿದ, ಇಳಿದ. ಗೆರೆ ಮಾತ್ರ ನೆಟ್ಟಗೆ ಹೊರಟಿತು. ಯಂತ್ರ ಕೆಟ್ಟಿತೆಂದು ನಾನು ಗುದ್ದಿದೆ. ಅಷ್ಟರಲ್ಲಿ ಪೈಲವಾನನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಉಸಿರು ಬಿಡಪಾ ಮಾರಾಯಾ!" ಎಂದು ಡಾಕ್ಟರು ಕೂಗಿದರು.

"ದಮ್ ಹತ್ತಿದ್ದು ಎದುರಿನವರಿಗೆ ತೋರಸಬ್ಯಾಡ ಅಂತ ಕುಸ್ತಿ ಕಲಸೋ ವಸ್ತಾದ ಹೇಳ್ಯಾನ್ರಿ."

"ನಾ ಕುಸ್ತಿಗೆ ಬಂದಿಲ್ಲೋ, ಡಾಕ್ಟರ್ ಅದೀನಿ!"

"ಮೊದಲ ಹೇಳಬೇಕಿಲ್ರಿ? ಆರಾಮ ಉಸಿರಾಡ್ತಿದ್ದೆ."

ಸಾಹುಕಾರರು

ಇದನ್ನೆಲ್ಲ ನೋಡಿ ಸಾಹುಕಾರರಿಗೆ ಸಿಟ್ಟು ಬಂತು. "ದಪ್ಪಂದ ಭೇಷ್ ಐತಿ. ಇವರದೆಲ್ಲಾ ನಾಟಕ. ತರ್ರಿ ಇಲ್ಲೆ" ಎಂದು ತಾವೇ ದಪ್ಪ ಮಾಸ್ಕ್ ಬಿಗಿದು ಸ್ಟೂಲು ಹತ್ತಿದರು. ಬಾಯಿಗೆ ಬೈಗುಳದ ರೂಢಿ. ಹತ್ತುತ್ತ "ಏ, ಆ ಚೀಲಾ ಯಾಕ..." ಎಂದರು, ಮುಂದಿನದು ಬರಲಿಲ್ಲ. ಇಳಿಯುತ್ತ "ಯಾರವ್ವಾ ಅಲ್ಲೆ..." ಎಂದರು, ಅದೂ ಅರ್ಧಕ್ಕೇ ನಿಂತಿತು. ಮುಳ್ಳು ಕಾಗದ ಹರಿಯುವಂತೆ ಕುಣಿಯಿತು. ಕೊನೆಗೆ ಗೋಡೆ ಹಿಡಿದು ಕುಳಿತರು. ನನಗೂ ಅಯ್ಯೋ ಅನಿಸಿತು. ಅಕ್ಕನೇ ನೀರು ತಂದುಕೊಟ್ಟಳು.

ಮಾಸ್ಕ್ ಕೆಳಗಿಳಿಸಿ, ಏದುಸಿರಿನಲ್ಲೇ ಅವರು ಹೇಳಿದರು: "ಡಾಕ್ಟರ... ಎಲ್ಲಾರಿಗೂ... ತೆಳ್ಳಂದ ತರಸೋಣು."

ಹೆಂಗಸರ ಮುಖ ಅರಳಿತು. ಅಕ್ಕ ಮಾತ್ರ ಕೈ ಮುಗಿದಳು.

"ನಮಗ ತೆಳ್ಳಂದ ತರಸ್ರಿ ಧಣ್ಯಾರ. ಆದರ ನೀವು ಆ ದಪ್ಪಂದ ಬಿಚ್ಚಬ್ಯಾಡ್ರಿ. ವಖಾರಿ ಇಷ್ಟು ಶಾಂತ ಎಂದೂ ಇದ್ದಿದ್ದಿಲ್ಲ!"