ಅರಮನೆಯಲ್ಲಿದ್ದ ತಾತಂದಿರು

ಅಮೆರಿಕಕ್ಕೆ ಬಂದ ಮೈಸೂರಿನವರನ್ನು ಗುರುತಿಸುವುದು ಬಹಳ ಸುಲಭ. ಮಾತಿಗೆ ಕೂತ ಹತ್ತು ನಿಮಿಷದೊಳಗೆ "ನಮ್ಮ ತಾತ ಅರಮನೇಲಿದ್ರು" ಎಂದು ಹೇಳದಿದ್ದರೆ ಅವರು ಮೈಸೂರಿನವರೇ ಅಲ್ಲ ಎಂದು ತಿಳಿಯಬಹುದು. ನಾನು ವಾಷಿಂಗ್ಟನ್ ಹತ್ತಿರದ ಹರ್ನ್‌ಡನ್‌ಗೆ ಬಂದು ಹದಿನೇಳು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ತಾತಂದಿರನ್ನೆಲ್ಲ ಒಟ್ಟಿಗೆ ಅರಮನೆಯೊಳಗೆ ಬಿಟ್ಟಿದ್ದರೆ ಜಾಗ ಸಾಲದೆ ಮಹಾರಾಜರೇ ಎದ್ದು ಬಂದು ಅಂಗಳದಲ್ಲಿ ನಿಲ್ಲಬೇಕಾಗುತ್ತಿತ್ತು. ಒಬ್ಬರ ತಾತ ದರ್ಬಾರಿನಲ್ಲಿ ವೀಣೆ ನುಡಿಸಿದವರು, ಇನ್ನೊಬ್ಬರ ತಾತ ಖಜಾನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರು, ಮತ್ತೊಬ್ಬರ ತಾತ ಮಹಾರಾಜರಿಗೇ ಬುದ್ಧಿ ಹೇಳಿದವರು. ಬುದ್ಧಿ ಕೇಳಿಸಿಕೊಂಡ ಮಹಾರಾಜರು ಏನು ಹೇಳಿದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಇಷ್ಟು ಜನರಲ್ಲಿ ಒಬ್ಬರೂ ಕಸ ಗುಡಿಸಿದವರಿಲ್ಲವಲ್ಲ, ಅಷ್ಟು ದೊಡ್ಡ ಅರಮನೆಯನ್ನು ಮತ್ತೆ ಯಾರು ಗುಡಿಸುತ್ತಿದ್ದರು ಎಂದು ನನ್ನ ಗಂಡ ಶ್ರೀಧರ ಆಗಾಗ ಕೇಳುವುದುಂಟು. ಅವನು ತುಮಕೂರಿನವನು. ತಮ್ಮೂರಿನಲ್ಲಿ ಅರಮನೆ ಇರಲಿಲ್ಲವಾದ್ದರಿಂದ ತಮ್ಮ ತಾತ ಪಾಪ ಕೆಲಸಕ್ಕೆ ಹೋಗಬೇಕಾಯಿತು ಎಂದು ಬೇರೆ ಸೇರಿಸುತ್ತಾನೆ.

ಪರರನ್ನು ಆಡಿಕೊಂಡದ್ದು ಸಾಕು, ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ತಾತನೂ ಅರಮನೆಯಲ್ಲಿದ್ದರು. ಇದು ಸುಳ್ಳಲ್ಲ. ಬಂದ ಹೊಸದರಲ್ಲಿ ನಾನು "ನಮ್ಮ ತಾತ ಸಾರೋಟಿನ ಕಡೆ ಇದ್ರು" ಎಂದಷ್ಟೇ ಹೇಳುತ್ತಿದ್ದೆ. ಎರಡನೆಯ ಬಾರಿ ವೀಸಾ ನವೀಕರಿಸುವ ಹೊತ್ತಿಗೆ ಅವರು ಸಾರೋಟುಗಳ ಮೇಲ್ವಿಚಾರಕರಾಗಿದ್ದರು. ನಮ್ಮ ಗ್ರೀನ್ ಕಾರ್ಡಿನ ಸಾಲು ಒಂದಿಂಚೂ ಅಲ್ಲಾಡದ ವರ್ಷಗಳಲ್ಲಿ, ಆಫೀಸಿನಲ್ಲಿ ನನಗೆ ಬಡ್ತಿ ಎಂಬ ಮಾತೇ ಇಲ್ಲದ ಕಾಲದಲ್ಲಿ, ತಾತನಿಗೆ ಮಾತ್ರ ಬಡ್ತಿ ತಪ್ಪಲಿಲ್ಲ. ಕೊನೆಗೆ ಪಕ್ಕದೂರು ಸೆಂಟರ್‌ವಿಲ್‌ನ ಗೆಳತಿ ಪ್ರಭಾ ಮನೆಯ ಒಂದು ಪಾಟ್‌ಲಕ್‌ನಲ್ಲಿ, ಎಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಕೂಟದಲ್ಲಿ, ಅವಳ ಗಂಡ ಮೂರ್ತಿ ತನ್ನ ತಾತನ ಖಜಾನೆಯ ಕಥೆ ಹೇಳಿ ಬಿಸಿಬೇಳೆಬಾತಿಗೆ ತುಪ್ಪ ಬಡಿಸಿಕೊಳ್ಳುತ್ತಿದ್ದಾಗ, ನನಗೆ ತಡೆಯಲಾಗಲಿಲ್ಲ. ನಮ್ಮ ತಾತ ರಾಜಮನೆತನದ ಸಾರೋಟು ವಿಭಾಗಕ್ಕೇ ಮುಖ್ಯಸ್ಥರಾಗಿದ್ದರು ಎಂದುಬಿಟ್ಟೆ. ಸತ್ತು ಐವತ್ತು ವರ್ಷವಾದ ಮೇಲೆ ಇಷ್ಟು ಬೇಗ ಮೇಲೇರಿದ ನೌಕರರು ಇನ್ನೊಬ್ಬರಿರಲಾರರು.

ಇದಕ್ಕೆ ಸಾಕ್ಷಿಯೂ ಇತ್ತು. ನಮ್ಮ ಲಿವಿಂಗ್ ರೂಮಿನ ಗೋಡೆಯ ಮೇಲೆ ತಾತನ ಒಂದು ಫೋಟೋ ಇದೆ. ತಲೆಗೆ ಪೇಟ, ಉದ್ದ ಕೋಟು, ಹಿಂದೆ ಸಾರೋಟಿನ ದೊಡ್ಡ ಚಕ್ರ, ಪಕ್ಕದಲ್ಲಿ ಕುದುರೆ. ತಾತನ ಕೈ ಅದರ ಕುತ್ತಿಗೆಯ ಮೇಲಿದೆ. ಮೂಲ ಫೋಟೋದಲ್ಲಿ ಅವರ ಕಾಲಿನ ಬಳಿ ಒಂದು ಬಕೆಟ್ಟು, ಬಕೆಟ್ಟಿನ ಅಂಚಿನ ಮೇಲೆ ಒರೆಸುವ ಬಟ್ಟೆ, ಒಂದು ಉಜ್ಜುವ ಬ್ರಶ್ಶು ಇದ್ದವು. ಫ್ರೇಮ್ ಹಾಕಿಸುವಾಗ ನಾನು ಮೊಣಕಾಲಿನಿಂದ ಕೆಳಗೆ ಕತ್ತರಿಸಲು ಹೇಳಿದ್ದೆ. ಅಂಗಡಿಯವನು, ಶೂಗಳು ಚೆನ್ನಾಗಿವೆ, ಇಟ್ಟುಕೊಳ್ಳಿ ಎಂದ. ಬೇಡ ಎಂದೆ.

ಹೀಗಿರುವಾಗ, ಕೋವಿಡ್ ಕಾಲದ ಮಾಸ್ಕುಗಳೆಲ್ಲ ಕಾರಿನ ಡ್ಯಾಶ್‌ಬೋರ್ಡಿನ ಗೂಡು ಸೇರಿ ಜನ ಮತ್ತೆ ಗುಂಪು ಕೂಡತೊಡಗಿದ ಒಂದು ವರ್ಷ, ವಾಷಿಂಗ್ಟನ್ನಿನ ಒಂದು ಮ್ಯೂಸಿಯಮ್ಮಿಗೆ ಯೂರೋಪಿನ ಒಂದು ರಾಜಮನೆತನದ ಸಂಗ್ರಹ ಬಂತು. ಚಿತ್ರಗಳು, ಬೆಳ್ಳಿಯ ಸಾಮಾನು, ಮಗುವಿನ ಚಿನ್ನದ ಗಿಲಕಿ, ಎಲ್ಲಕ್ಕಿಂತ ಮಿಗಿಲಾಗಿ ಮೂರು ಸಾರೋಟುಗಳು. ಸಾರೋಟು ಎಂದ ಮೇಲೆ ಕೇಳಬೇಕೆ? ನಮ್ಮ ಪಾಟ್‌ಲಕ್ ಗುಂಪಿನ ಹದಿನಾಲ್ಕು ಜನರನ್ನು ಕರೆದುಕೊಂಡು ಹೋಗಿ ವಿವರಿಸುವ ಹೊಣೆ, ಮುಖ್ಯಸ್ಥರ ಮೊಮ್ಮಗಳಾದ ನನ್ನ ಮೇಲೆ ಬಿತ್ತು. ನಾನು ಒಂದು ವಾರ ಆನ್‌ಲೈನಿನಲ್ಲಿ ಓದಿ, ಸ್ಪ್ರಿಂಗು ಯಾವುದು ಅಚ್ಚು ಯಾವುದು ಎಂದು ಬಾಯಿಪಾಠ ಮಾಡಿಕೊಂಡೆ.

ಆಗ ಕ್ಯಾರಿ ಎಂಬ ಊರಿನಿಂದ ಫೋನ್ ಬಂತು. ನನ್ನ ಸೋದರತ್ತೆ ರತ್ನತ್ತೆ, ಎಂದರೆ ಅದೇ ತಾತನ ಮಗಳು, ಇಪ್ಪತ್ತು ವರ್ಷದಿಂದ ಕ್ಯಾರಿಯಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ಮಗಳಿಗೆ ಏನೋ ಕಾನ್ಫರೆನ್ಸ್ ಇದೆಯಂತೆ, ಹತ್ತು ದಿನ ರತ್ನತ್ತೆಯನ್ನು ನಮ್ಮಲ್ಲಿ ಬಿಟ್ಟು ಹೋಗುತ್ತಾಳಂತೆ. ಅತ್ತೆ ಬರುವುದು ನನಗೆ ಸಂತೋಷವೇ. ಆದರೆ ಆ ಹತ್ತು ದಿನದ ನಡುವೆಯೇ ಮ್ಯೂಸಿಯಮ್ಮಿನ ಶನಿವಾರ ಇತ್ತು. ನಮ್ಮ ತಾತ ನಿಜವಾಗಿ ಏನು ಮಾಡುತ್ತಿದ್ದರು ಎಂದು ಬಲ್ಲ ಒಬ್ಬರೇ ಒಬ್ಬರು ಈ ದೇಶದಲ್ಲಿದ್ದರೆ ಅದು ರತ್ನತ್ತೆ, ಮತ್ತು ಅವರಿಗೆ ಗುಟ್ಟು ಎಂಬುದು ಗೊತ್ತೇ ಇಲ್ಲ.

ಅವರು ಐದು ಗಂಟೆಯ ಪ್ರಯಾಣ ಮುಗಿಸಿ ಒಳಗೆ ಬಂದವರೇ ನೀರನ್ನೂ ಕುಡಿಯದೆ ಫೋಟೋದ ಮುಂದೆ ನಿಂತರು. ಕೈ ಮುಗಿದರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು, "ಇದ್ರಲ್ಲಿ ಒಂದು ಬಕೆಟ್ ಇತ್ತಲ್ಲ ಕಣೇ ವೀಣಾ, ಎಲ್ಲಿ ಹೋಯ್ತು?" ಎಂದರು. ಫ್ರೇಮಿನ ಅಳತೆ ಸಾಲಲಿಲ್ಲ ಎಂದೆ. ಶ್ರೀಧರ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಕೆಮ್ಮಿದ.

ಶನಿವಾರ ಅವರನ್ನು ಮನೆಯಲ್ಲೇ ಇರಿಸಲು ನಾನು ಮಾಡದ ಪ್ರಯತ್ನವಿಲ್ಲ. ಮಂಡಿ ನೋವಾಗುತ್ತೆ ಎಂದೆ. ಮ್ಯೂಸಿಯಮ್ಮಿನಲ್ಲಿ ವೀಲ್‌ಚೇರ್ ಕೊಡುತ್ತಾರೆ ಎಂದು ಶ್ರೀಧರ ಹೇಳಿದ. ಒಳಗೆ ಚಳಿ ಎಂದೆ. ಶಾಲು ಹುಡುಕಿ ತಂದುಕೊಟ್ಟ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವನು ನನ್ನ ಕಡೆಯ ಹಿರಿಯರಿಗೆ ಇಷ್ಟು ಮುತುವರ್ಜಿಯಿಂದ ಸೇವೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಎಲ್ಲರೂ ಸಿಲ್ವರ್ ಲೈನ್ ಮೆಟ್ರೋ ಹತ್ತಿ ಹೊರಟೆವು. ದಾರಿಯುದ್ದಕ್ಕೂ ನಾನು ಅತ್ತೆಯ ಪಕ್ಕದಲ್ಲಿ ಬೇರೆ ಯಾರೂ ಕೂರದಂತೆ ನೋಡಿಕೊಂಡೆ.

ಮೊದಲ ಎರಡು ಕೋಣೆಗಳು ಸುಸೂತ್ರವಾಗಿ ಕಳೆದವು. ಗೋಡೆಯ ತುಂಬ ರಾಜರು, ರಾಣಿಯರು. ಎಲ್ಲರಿಗೂ ಒಂದೇ ಮೂಗು. ಬೆಳ್ಳಿಯ ಸಾಮಾನುಗಳ ಮುಂದೆ ಅತ್ತೆ ಒಂದೊಂದರ ವಿವರವನ್ನೂ ಶ್ರೀಧರನಿಂದ ಓದಿಸಿಕೊಂಡರು. ಇದು ಚಿಕ್ಕಪ್ಪ ಕೊಟ್ಟದ್ದು, ಅದು ಸೋದರಮಾವನ ಕಡೆಯಿಂದ ಬಂದದ್ದು, ಇದು ಮದುವೆಯ ಉಡುಗೊರೆ, ಒಮ್ಮೆಯೂ ಬಳಸಿದ್ದಿಲ್ಲ. ಮದುವೆಯ ಉಡುಗೊರೆಯನ್ನು ಬಳಸುವುದಕ್ಕೂ ಆಗುವುದಿಲ್ಲ, ಬಿಸಾಡುವುದಕ್ಕೂ ಆಗುವುದಿಲ್ಲ, ನಾವು ಅಟ್ಟಕ್ಕೆ ಹಾಕುತ್ತೇವೆ, ಇವರು ಮ್ಯೂಸಿಯಮ್ಮಿಗೆ ಕಳಿಸಿದ್ದಾರೆ ಎಂದು ಅತ್ತೆ ತೀರ್ಮಾನಿಸಿದರು. ನಾನು ನಿರಾಳವಾಗಿ ನಕ್ಕೆ.

ಮೂರನೆಯ ಕೋಣೆಯಲ್ಲಿ ಸಾರೋಟುಗಳು. ನಿಜ ಹೇಳುತ್ತೇನೆ, ನಾನು ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ನಡುವಿನ ಸಾರೋಟಿಗೆ ಮೈತುಂಬ ಚಿನ್ನದ ಲೇಪ, ಬಾಗಿಲಿನ ಮೇಲೆ ಮೋಡಗಳಲ್ಲಿ ಕೂತ ದುಂಡನೆಯ ದೇವತೆಯರ ಚಿತ್ರ, ಒಳಗೆ ಕೆಂಪು ಮಖಮಲ್ಲು. ಅದಕ್ಕೆ ಹೂಡಿದಂತೆ ನಿಜವಾದ ಕುದುರೆಯಷ್ಟೇ ಎತ್ತರದ ಎರಡು ಬೊಂಬೆ ಕುದುರೆಗಳು, ಅವುಗಳ ಮೈಮೇಲೆ ಆ ಕಾಲದ್ದೇ ಜೀನು, ಲಗಾಮು, ಕೊರಳಿಗೆ ದಪ್ಪನೆಯ ತೊಗಲಿನ ಪಟ್ಟಿ. ಮ್ಯೂಸಿಯಮ್ಮಿನ ಗೈಡ್ ಹುಡುಗಿ, ಈ ಮನೆತನದ ಮೂರು ತಲೆಮಾರಿನ ವಧುಗಳು ಇದೇ ಸಾರೋಟಿನಲ್ಲಿ ಬಂದರು ಎಂದು ವಿವರಿಸುತ್ತಿದ್ದಳು. ವೀಲ್‌ಚೇರಿನಲ್ಲಿದ್ದ ಅತ್ತೆ ಚಿನ್ನವನ್ನೂ ನೋಡಲಿಲ್ಲ, ದೇವತೆಯರನ್ನೂ ನೋಡಲಿಲ್ಲ. ಬಲಗಡೆಯ ಕುದುರೆಯನ್ನೇ ದಿಟ್ಟಿಸುತ್ತಿದ್ದರು. ಆಮೇಲೆ ನನ್ನ ಸೀರೆಯ ಸೆರಗು ಹಿಡಿದೆಳೆದರು.

"ಆ ಕೊರಳಪಟ್ಟಿ ತಲೆಕೆಳಗಾಗಿದೆ ಕಣೇ. ಕುದುರೆ ತಲೆ ಕಣ್ಣಿನ ಹತ್ರ ಅಗಲ ಅಲ್ವಾ, ಅದಕ್ಕೆ ತಲೆ ದಾಟಿಸೋವಾಗ ಹಾಗೇ ಉಲ್ಟಾ ಹಾಕ್ತಾರೆ. ದಾಟಿದ್ಮೇಲೆ ಕೊರಳ ಹತ್ರ ತಿರುಗಿಸ್ಬೇಕು. ಇವ್ರು ತಿರುಗಿಸೋದು ಮರ್ತಿದಾರೆ. ಹೀಗೇ ಗಾಡಿ ಎಳೆದ್ರೆ ಕುದುರೆ ಉಸಿರು ಕಟ್ಟಿ ಬೀಳುತ್ತೆ."

ಸುಮ್ಮನಿರಿ ಅತ್ತೆ ಎಂದು ನಾನು ಪಿಸುಗುಟ್ಟಿದೆ. ಅವರು ಸುಮ್ಮನಿರಲಿಲ್ಲ. ಗೈಡ್ ಹುಡುಗಿ ಮಾತು ನಿಲ್ಲಿಸಿ, ಅಜ್ಜಿ ಏನು ಹೇಳುತ್ತಿದ್ದಾರೆ ಎಂದು ನಗುತ್ತ ಕೇಳಿದಳು. ನಾನು ಅನುವಾದಿಸಿ ಹೇಳಿದೆ. ಅವಳು ಇನ್ನಷ್ಟು ನಕ್ಕು, ಅಜ್ಜಿಗೆ ಇದು ಹೇಗೆ ಗೊತ್ತು ಎಂದು ಕೇಳಿದಳು. ಹದಿನಾಲ್ಕು ಜನ ಕನ್ನಡಿಗರು ನನ್ನ ಕಡೆ ತಿರುಗಿದರು. ಮುಂದಿನ ಸಾಲಿನಲ್ಲೇ ಮೂರ್ತಿ ಇದ್ದ. ನಾನು ಗಂಟಲು ಸರಿಪಡಿಸಿಕೊಂಡು, ಇವರ ತಂದೆ ಮೈಸೂರು ಅರಮನೆಯ ಸಾರೋಟು ವಿಭಾಗದ ಹೆಡ್ ಆಗಿದ್ದರು ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಇಪ್ಪತ್ತು ವರ್ಷ ಕ್ಯಾರಿಯಲ್ಲಿ ಮೊಮ್ಮಕ್ಕಳನ್ನು ಆಡಿಸಿದ ಅತ್ತೆಗೆ ಅಷ್ಟು ಇಂಗ್ಲಿಷ್ ಬರುತ್ತದೆ ಎಂಬುದು ನನಗೆ ಮರೆತೇಹೋಗಿತ್ತು. ಅವರು ಕೈ ಎತ್ತಿ ನನ್ನನ್ನು ತಡೆದರು.

"ನೋ ಹೆಡ್," ಎಂದರು ಸ್ಪಷ್ಟವಾಗಿ. "ಹಾರ್ಸ್ ವಾಷ್."

ಆ ಕೋಣೆಯ ನೆಲ ಅಮೃತಶಿಲೆಯದು, ಬಾಯಿ ಬಿಡುವಂಥದ್ದಲ್ಲ. ಬಿಟ್ಟಿದ್ದರೆ ನಾನು ಒಳಗೆ ಹೋಗಲು ತಯಾರಿದ್ದೆ. ಅತ್ತೆಗೆ ಇದಾವುದರ ಪರಿವೆಯೂ ಇರಲಿಲ್ಲ. ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲವೆಂದು ಅವರು ನನ್ನನ್ನು ಬಗ್ಗಲು ಹೇಳಿ, ಶಾಲನ್ನು ಸುತ್ತಿ ಬಳೆಯಂತೆ ಮಾಡಿ ನನ್ನ ತಲೆಯ ಮೇಲಿಂದ ಇಳಿಸಿ, ಕುತ್ತಿಗೆಯ ಹತ್ತಿರ ತಿರುಗಿಸಿ ತೋರಿಸಿದರು. ಮುಖ್ಯಸ್ಥರ ಮೊಮ್ಮಗಳು ಹೀಗೆ ಎಲ್ಲರ ಮುಂದೆ ಕುದುರೆಯಾದಳು. ತೋರಿಸುತ್ತ ತೋರಿಸುತ್ತ ಅತ್ತೆಗೆ ನೆನಪು ನುಗ್ಗಿ ಬಂತು. ಚಿಕ್ಕಂದಿನಲ್ಲಿ ಲಾಯಕ್ಕೆ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದದ್ದು, ತೊಗಲಿಗೆ ಹಚ್ಚುವ ಹರಳೆಣ್ಣೆಯ ವಾಸನೆ ತಾತನ ಅಂಗೈಯಿಂದ ಹೋಗದೇ ಇದ್ದದ್ದು. ಚಳಿಗಾಲದ ಬೆಳಗ್ಗೆ ಲಗಾಮಿನ ಕಬ್ಬಿಣ ಮಂಜಿನಂತೆ ತಣ್ಣಗಿರುತ್ತಿತ್ತಂತೆ. ತಾತ ಅದನ್ನು ಎರಡೂ ಅಂಗೈಗಳ ನಡುವೆ ಇಟ್ಟು ಬಿಸಿ ಮಾಡಿ ಆಮೇಲೆ ಕುದುರೆಯ ಬಾಯಿಗೆ ಕೊಡುತ್ತಿದ್ದರಂತೆ. ಬಾಯಿಲ್ಲದ ಪ್ರಾಣಿ, ಚಳಿ ಅಂತ ಯಾರಿಗೆ ಹೇಳುತ್ತೆ ಎನ್ನುತ್ತಿದ್ದರಂತೆ.

ಗೈಡ್ ಹುಡುಗಿ ನನ್ನ ಮುಖ ನೋಡುತ್ತಿದ್ದಳು. ನಾನು ಶಾಲಿನ ಬಳೆಯನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ಒಂದನ್ನೂ ಬಿಡದೆ ಅನುವಾದಿಸಿದೆ. ಅವರು ಕುದುರೆಗಳ ಮೈ ತೊಳೆಯುತ್ತಿದ್ದರು, ಅವರು ನನ್ನ ತಾತ ಎಂದೂ ಹೇಳಿದೆ. ನಾಚಿಕೆಯಾದದ್ದು ಅವರ ಕೆಲಸದ ಬಗ್ಗೆ ಅಲ್ಲ. ಹದಿನೇಳು ವರ್ಷ ಅವರಿಗೆ ಬಡ್ತಿ ಕೊಡುವುದರಲ್ಲೇ ಮುಳುಗಿದ್ದ ನಾನು, ಅವರ ಕೈಗಳ ಬಗ್ಗೆ ಯಾರನ್ನೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಹುಡುಗಿ ಒಳಗೆ ಹೋಗಿ ಒಬ್ಬ ಹಿರಿಯರನ್ನು ಕರೆತಂದಳು. ಅವರು ಬಗ್ಗಿ ನೋಡಿದರು, ಟ್ಯಾಬ್ಲೆಟ್ಟಿನಲ್ಲಿ ಹಳೆಯ ಚಿತ್ರವೊಂದನ್ನು ತೆಗೆದು ಹೋಲಿಸಿದರು, ಎಡಗಡೆಯ ಕುದುರೆಯನ್ನು ನೋಡಿದರು, ಮತ್ತೆ ಬಲಗಡೆಯದನ್ನು ನೋಡಿದರು. ಆಮೇಲೆ ಅತ್ತೆಯ ವೀಲ್‌ಚೇರಿನ ಮುಂದೆ ಒಂದು ಮಂಡಿಯೂರಿ ಕೂತು, ನೀವು ಹೇಳಿದ್ದು ಸರಿ ಮೇಡಂ, ಇಷ್ಟು ದಿನ ಇಷ್ಟು ಜನ ನೋಡಿ ಹೋದರು, ಒಬ್ಬರಿಗೂ ಕಾಣಲಿಲ್ಲ ಎಂದರು. ಕೈಗವಸು ತೊಟ್ಟ ನಾಲ್ವರು ಬಂದು ಸಂಜೆ ಅದನ್ನು ತಿರುಗಿಸುತ್ತಾರೆ ಎಂದಾಗ ಅತ್ತೆಗೆ ಆಶ್ಚರ್ಯವಾಯಿತು. ತಮ್ಮ ಅಪ್ಪ ಒಬ್ಬರೇ ಬೆಳಗಾಗುವುದರೊಳಗೆ ಎಂಟು ಕುದುರೆಗೆ ಹಾಕುತ್ತಿದ್ದರು ಎಂದರು. ನಾನು ಅದನ್ನೂ ಗಟ್ಟಿಯಾಗಿ ಅನುವಾದಿಸಿದೆ, ಪಕ್ಕದ ಕೋಣೆಗೂ ಕೇಳುವಷ್ಟು. ಅಂದು ಆ ಚಿನ್ನದ ಸಾರೋಟಿನ ಮುಂದೆ ನನ್ನಷ್ಟು ಬೀಗಿದವಳು ಅದರಲ್ಲಿ ಬಂದ ವಧುಗಳಲ್ಲೂ ಇರಲಾರಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯ ಮನುಷ್ಯಳಾಗಿ ಉಳಿಯುತ್ತಿದ್ದೆ. ಮುಂದಿನ ತಿಂಗಳು ಪ್ರಭಾ ಮನೆಯಲ್ಲಿ ಮತ್ತೆ ಪಾಟ್‌ಲಕ್. ನಾನು ಹೋಗುವ ಮೊದಲೇ ಕುದುರೆ ತೊಳೆದ ತಾತನ ಸುದ್ದಿ ಸೆಂಟರ್‌ವಿಲ್ ತುಂಬ ಹಬ್ಬಿತ್ತು. ಎಲ್ಲರೂ ಅದನ್ನೇ ಮತ್ತೆ ಮತ್ತೆ ಹೇಳಿಸಿ ಕೇಳಿದರು. ಆದರೆ ಊಟಕ್ಕೆ ಕೂರುವ ಹೊತ್ತಿಗೆ ಗಾಳಿ ತಿರುಗಿತು. ವೀಣೆ ನುಡಿಸಿದ ತಾತ ನಿಜವಾಗಿ ವೀಣೆಗಳ ಧೂಳು ಒರೆಸುತ್ತಿದ್ದರಂತೆ. ಬುದ್ಧಿ ಹೇಳಿದ ತಾತ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರಂತೆ, ದಿನಕ್ಕೆ ನೂರು. ಒಂದೇ ತಿಂಗಳಲ್ಲಿ ಇಡೀ ಅರಮನೆಯ ಅಧಿಕಾರಿಗಳೆಲ್ಲ ಕೆಲಸಗಾರರಾಗಿದ್ದರು. ಕೊನೆಗೆ ಮೂರ್ತಿ ತಟ್ಟೆ ಕೆಳಗಿಟ್ಟು, ತನ್ನ ತಾತನ ಖಜಾನೆಯ ಮಾತು ಸುಳ್ಳು, ಅವರು ಆನೆಯ ಲದ್ದಿ ಬಾಚುತ್ತಿದ್ದರು ಎಂದು ತಲೆ ಬಗ್ಗಿಸಿ ಹೇಳಿದ. ಇಬ್ಬರು ಕಣ್ಣೊರೆಸಿಕೊಂಡರು. ನನ್ನ ಕುದುರೆಯನ್ನು ಆಮೇಲೆ ಯಾರೂ ಕೇಳಲಿಲ್ಲ.

ಮನೆಗೆ ಬಂದವಳೇ ಕ್ಯಾರಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ತಾತ ಲಾಯದಲ್ಲಿ ಲದ್ದಿ ಏನಾದರೂ ಬಾಚುತ್ತಿದ್ದರಾ ಎಂದು ಮೆಲ್ಲಗೆ ಕೇಳಿದೆ. ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಲದ್ದಿನಾ? ಅದಕ್ಕೆ ಬೇರೆ ಜನ ಇದ್ರು. ನಮ್ಮಪ್ಪ ಅದನ್ನ ಕೈಯಲ್ಲಿ ಮುಟ್ಟಿದವ್ರಲ್ಲ, ತಿಳ್ಕೋ," ಎಂದು ಫೋನ್ ಇಟ್ಟುಬಿಟ್ಟರು.

ಶ್ರೀಧರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಈಗೇನು ಮಾಡುತ್ತೀಯಾ ಎಂದ. ಸತ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ ಎಂದು ನಾನು ಗಂಭೀರವಾಗಿ ಉತ್ತರಿಸಿದೆ. ಮುಂದಿನ ಪಾಟ್‌ಲಕ್‌ನಲ್ಲಿ ನಮ್ಮ ತಾತ ಕುದುರೆಯ ಲದ್ದಿಯನ್ನೂ ಬಾಚುತ್ತಿದ್ದರು, ಆನೆಗಳ ಕಡೆಯ ಜನ ಬಾರದ ದಿನ ಅವುಗಳದ್ದನ್ನೂ ಬಾಚುತ್ತಿದ್ದರು ಎಂದು ಹೇಳಿ ಮೂರ್ತಿಯ ಮುಖ ನೋಡಿದೆ.