ಕಂಪ್ಲಿ ಚನ್ನಯ್ಯನವರ ನಾಲ್ಕೂವರೆ ಸೆಕೆಂಡು

“ಈ ಸಿನಿಮಾ ಚೊಲೊ ಐತೋ, ಕೆಟ್ಟೈತೋ ಅಂತ ಹೇಳೋ ಹಕ್ಕು ಇಡೀ ಕಂಪ್ಲಿಯೊಳಗ ಒಬ್ಬಗಷ್ಟೇ ಐತಿ. ಅವ ಈಗ ನಿಮ್ಮೆದುರಿಗೇ ಕುಂತು ಚಾ ಕುಡಿಯಾಕತ್ಯಾನ!”

ಅಕ್ಕಿ ಗಿರಣಿಯ ಚನ್ನಯ್ಯನವರು ಹೀಗೆ ಸಾರಿ, ಬಸಿಗೆ ಸುರುವಿಕೊಂಡ ಚಹಾವನ್ನು ಸೊರ್ರೆಂದು ಎಳೆದರು. ಆ ಸದ್ದಿಗೆ ಹೋಟೆಲಿನ ಬೆಂಚಿನ ಮೇಲಿದ್ದ ನಾಲ್ಕು ಜನ ತಲೆಯೆತ್ತಿದರು. ಐದನೆಯವನಾದ ಜಡೆಪ್ಪ ಮಾತ್ರ ಎತ್ತಲಿಲ್ಲ. ಸೈಕಲ್ ಅಂಗಡಿಯ ಜಡೆಪ್ಪ ಚನ್ನಯ್ಯನವರ ಬಾಲ್ಯದ ಗೆಳೆಯ. ಅವರ ಮಾತಿನ ಟ್ಯೂಬಿಗೆ ಎಲ್ಲಿ ತೂತು ಬಿದ್ದಿದೆಯೆಂದು ನೀರಿನಲ್ಲಿ ಅದ್ದದೆಯೇ ಹೇಳಬಲ್ಲವನು.

“ಸಿನಿಮಾ ಇನ್ನೂ ಬಂದೇ ಇಲ್ಲಲ್ಲೋ ದೊಡ್ಡ ಮನಷ್ಯಾ!” ಎಂದ.

“ಬರಲಿ. ತೀರ್ಪು ತಯಾರೈತಿ.”

ಚನ್ನಯ್ಯನವರ ಈ ಗತ್ತಿಗೆ ಕಾರಣವಿಲ್ಲದೆ ಇರಲಿಲ್ಲ. ಮೂವತ್ತೆರಡು ವರ್ಷಗಳ ಹಿಂದೆ ‘ಎಂಟು ಕಂಬದ ಮನೆ’ ಎಂಬ ಸಿನಿಮಾ ಬಂದಿತ್ತು. ಅಜ್ಜಿಯಿಂದ ಮೊಮ್ಮಗುವಿನ ತನಕ ಒಂದೇ ಚಾಪೆಯ ಮೇಲೆ ಕೂತು ಅಳುವಂಥ ಸಿನಿಮಾ. ಅದರ ಯಜಮಾನ ದೊಡ್ಡಜ್ಜ ಒಮ್ಮೆ ಕೆಮ್ಮಿದರೆ ಎಂಟು ಕಂಬಗಳೂ ನೆಟ್ಟಗೆ ನಿಲ್ಲುತ್ತಿದ್ದವು. ಅಂಥ ದೊಡ್ಡಜ್ಜ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕಣ್ಣೀರು ಯಾರಿಗೂ ಕಾಣದಿರಲೆಂದು ಕರಿ ಕೊಡೆಯ ಮರೆಗೆ ಸರಿಯುತ್ತಾನೆ. ನೋಡಿದವರು ಅಲ್ಲಿ ಅಳದೆ ಎದ್ದದ್ದಿಲ್ಲ.

ಆ ಕೊಡೆ ಹಿಡಿದವರು ಯಾರು? ನಮ್ಮ ಚನ್ನಯ್ಯನವರು!

ಚಿತ್ರೀಕರಣ ನಡೆದದ್ದು ಕಂಪ್ಲಿಯ ಹೊಳೆದಂಡೆಯಲ್ಲಿ. ಕೊಡೆ ಹಿಡಿಯಬೇಕಾದ ನಟ ಹಿಂದಿನ ದಿನ ಮಿರ್ಚಿಯನ್ನು ಲೆಕ್ಕ ತಪ್ಪಿ ತಿಂದು ಚೊಂಬು ಹಿಡಿದು ಓಡಾಡುತ್ತಿದ್ದ. ಅಡುಗೆಯವರಿಗೆ ಅಕ್ಕಿ ಕೊಡಲು ಬಂದಿದ್ದ ಮೂವತ್ತರ ಹರೆಯದ ಚನ್ನಯ್ಯನವರನ್ನು ಯಾರೋ ರಟ್ಟೆ ಹಿಡಿದು ಎಳೆದು, ಪೇಟ ಸುತ್ತಿ, ಕೈಗೆ ಕೊಡೆ ಕೊಟ್ಟು ನಿಲ್ಲಿಸಿದರು. ತೆರೆಯ ಮೇಲೆ ಅವರಿದ್ದದ್ದು ನಾಲ್ಕು ಸೆಕೆಂಡು. ಚನ್ನಯ್ಯನವರ ಲೆಕ್ಕದಲ್ಲಿ ನಾಲ್ಕೂವರೆ. ಕೊಡೆ ಮುಂದಕ್ಕೆ ವಾಲಿದ್ದರಿಂದ ಮುಖ ಕಾಣಲಿಲ್ಲ. ಕಂಡದ್ದು ಬಲಗೈ, ಕೈಗಡಿಯಾರ ಮತ್ತು ಅರ್ಧ ಮೀಸೆ.

“ಅರ್ಧ ಮೀಸಿ ಯಾರದಾದ್ರೂ ಇರಬಹುದಪ್ಪ,” ಎಂದು ಜಡೆಪ್ಪ ಮೂವತ್ತೆರಡು ವರ್ಷಗಳಿಂದ ಹೇಳುತ್ತಿದ್ದಾನೆ.

“ಗಡಿಯಾರ ನೋಡಲೇ! ನಮ್ಮ ಮಾವ ಲಗ್ನದಾಗ ಕಟ್ಟಿದ ಗಡಿಯಾರ!” ಎಂದು ಚನ್ನಯ್ಯನವರೂ ಅಷ್ಟೇ ವರ್ಷಗಳಿಂದ ಹೇಳುತ್ತಿದ್ದಾರೆ.

ತವರಿನ ಗಡಿಯಾರ ಸಿನಿಮಾದಲ್ಲಿ ಬಂದ ಮೇಲೆ ಹೆಂಡತಿ ಸುವರ್ಣಮ್ಮನವರಿಗೂ ಹೆಮ್ಮೆಯಲ್ಲಿ ಅರ್ಧ ಪಾಲು ಸಿಕ್ಕಿತ್ತು. ಅದಕ್ಕಿಂತ ದೊಡ್ಡ ಹೆಮ್ಮೆಯೆಂದರೆ ಆ ಕೊಡೆ. ಅದು ಅವರ ಪಡಸಾಲೆಯ ಗಾಜಿನ ಕಪಾಟಿನಲ್ಲಿದೆ. “ಶೂಟಿಂಗ್ ಮುಗಿದ ಮ್ಯಾಲೆ ಹೀರೋನೇ ನನ್ನ ಹೆಗಲ ಮ್ಯಾಲ ಕೈ ಇಟ್ಟು, ‘ಚನ್ನಯ್ಯಾ, ಈ ಕೊಡಿ ನಿನ್ನ ಕೈಯಾಗಿದ್ರೇ ಚಂದ, ಇಟ್ಕೊ’ ಅಂದ್ರು,” ಎಂಬುದು ಅದರ ಚರಿತ್ರೆ. ಮೊದಮೊದಲು ಹೀರೋ ಬರೀ ಹೆಗಲ ಮೇಲೆ ಕೈ ಇಟ್ಟಿದ್ದ. ಹತ್ತು ವರ್ಷದ ಬಳಿಕ ಅವನ ಕಣ್ಣಲ್ಲಿ ನೀರು ಬಂತು. ಇತ್ತೀಚೆಗೆ ತಬ್ಬಿಕೊಳ್ಳತೊಡಗಿದ್ದ. ಪ್ರತಿ ಆಯುಧಪೂಜೆಗೆ ಗಿರಣಿಯ ಯಂತ್ರ, ತಕ್ಕಡಿ, ಟ್ರ್ಯಾಕ್ಟರುಗಳ ಸಾಲಿನಲ್ಲಿ ಕೊಡೆಗೇ ಮೊದಲ ಮಣೆ. ಸುವರ್ಣಮ್ಮನವರು ಮಡಿಯುಟ್ಟು, ಅದಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಚೆಂಡುಹೂ ಕಟ್ಟಿ, ನಿಂಬೆಹಣ್ಣು ಒಡೆಯುತ್ತಿದ್ದರು.

ಈಗ ಅದೇ ಸಿನಿಮಾದ ಹಿಂದಿನ ಕಥೆ ಬರುತ್ತಿತ್ತು. ಹೆಸರು ‘ಮೊದಲ ಕಂಬ’. ದೊಡ್ಡಜ್ಜ ಇನ್ನೂ ಅಜ್ಜನಾಗುವ ಮೊದಲಿನ, ಹರೆಯದ ಕಥೆ. ಅದೂ ಉದ್ದಕ್ಕೂ ಹಾಡಿನಲ್ಲೇ!

“ದೊಡ್ಡಜ್ಜನ ಹಿಂದಿನ ಕಥಿ ಅಂದ್ರ ನನ್ನ ಹಿಂದಿನ ಕಥಿನೂ ಬರಬೇಕಲ್ಲ?” ಎಂದು ಚನ್ನಯ್ಯನವರಿಗೆ ಹೊಳೆದದ್ದೇ ನಿದ್ದೆ ಹಾರಿತು. “ನನ್ನ ಪಾರ್ಟು ಮಾಡಾಕ ಯಾವನ್ನ ಹಾಕ್ಯಾರೋ! ನೆಟ್ಟಗ ನಿಲ್ಲಾಕ ಬರೋವನ್ನ ಹಾಕಿದ್ರ ಸಾಕಪ್ಪ.”

ಸೊಸೆ ಸೌಜನ್ಯ ಮೊಬೈಲಿನಲ್ಲಿ ಹಾಡೊಂದನ್ನು ಹುಡುಕಿ ತೋರಿಸಿದಳು. ಹೌದು! ಕುಣಿಯುವವರ ಹಿಂದೆ ಕೊಡೆ ಹಿಡಿದ ಹುಡುಗನೊಬ್ಬ ಸುಳಿದು ಮಾಯವಾದ.

“ಮಾವಾರ, ನೀವ!” ಎಂದಳು.

ಇನ್ನು ತಡೆಯುವವರುಂಟೇ? ಮರುದಿನವೇ ಸರ್ಕಲ್ಲಿನಲ್ಲಿ ಹತ್ತಡಿಯ ಬ್ಯಾನರು ನಿಂತಿತು. ‘ಎಂಟು ಕಂಬದ ಮನೆಯ ಛತ್ರಧಾರಿ, ಕಂಪ್ಲಿಯ ಕೀರ್ತಿ ಶ್ರೀ ಚನ್ನಯ್ಯನವರ ಪೂರ್ವಕಥೆ ಈಗ ಬೆಳ್ಳಿತೆರೆಯ ಮೇಲೆ!’ ದೊಡ್ಡಜ್ಜನ ಹೆಸರನ್ನು ಜಾಗ ಸಾಲದೆ ಬಿಡಲಾಗಿತ್ತು.

ಬಿಡುಗಡೆಯ ದಿನ ಎರಡು ಟೆಂಪೋ ಹೊಸಪೇಟೆಗೆ ಹೊರಟವು. ಬೀಗರು, ಬಿಜ್ಜರು, ಗಿರಣಿಯ ಹಮಾಲರು, ಕುರೆಕುಪ್ಪದ ಸ್ಟೀಲ್ ಫ್ಯಾಕ್ಟರಿಯಿಂದ ಶಿಫ್ಟು ಬದಲಿಸಿಕೊಂಡು ಬಂದ ಅಳಿಯ ಲಿಂಗರಾಜ್, ಕರೆಯದೆಯೂ ಕಿಟಕಿಯ ಪಕ್ಕ ಜಾಗ ಹಿಡಿದ ಜಡೆಪ್ಪ, ಒಟ್ಟು ಇಪ್ಪತ್ತಾರು ಜನ. ಮುಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಧೋತರದ ಚನ್ನಯ್ಯನವರು. ಅವರ ತೊಡೆಯ ಮೇಲೆ, ಪೂಜೆಗಲ್ಲದೆ ಮೊದಲ ಬಾರಿಗೆ ಕಪಾಟಿನಿಂದ ಹೊರಬಿದ್ದ ಕೊಡೆ.

ಥಿಯೇಟರಿನ ಬಾಗಿಲಲ್ಲಿ ಕಾವಲಿನವನು ಅಡ್ಡ ಬಂದ. “ಯಜಮಾನ್ರ, ಕೊಡಿ ಒಳಗ ಬಿಡಂಗಿಲ್ರಿ.”

“ತಮ್ಮಾ, ಇದು ಕೊಡಿ ಅಲ್ಲ.”

“ಮತ್ತೇನ್ರಿ?”

“ಒಳಗ ತೋರಸ್ತಾರಲ್ಲ, ಆ ಸಿನಿಮಾದ ಬೇರು!”

ಕಾವಲಿನವನು ಹಿಂದಿದ್ದ ಇಪ್ಪತ್ತೈದು ಜನರನ್ನು ನೋಡಿ ಬೇರನ್ನು ಒಳಗೆ ಬಿಟ್ಟ.

ಸಿನಿಮಾ ಶುರುವಾಯಿತು. ದೊಡ್ಡಜ್ಜ ಹುಟ್ಟಿದ್ದಕ್ಕೆ ಒಂದು ಹಾಡು. ಮೀಸೆ ಮೂಡಿದ್ದಕ್ಕೆ ಒಂದು. ಮೊದಲ ಕಂಬ ನೆಟ್ಟಾಗ ನಲವತ್ತು ಜನ ಕುಣಿದರು. ಅಷ್ಟು ಜನ ಕೈ ಹಚ್ಚಿದ್ದರೆ ಎಂಟೂ ಕಂಬ ಅಂದೇ ನಿಲ್ಲುತ್ತಿದ್ದವು! ಹಳೆಯ ಸಿನಿಮಾದಲ್ಲಿ ದೊಡ್ಡಜ್ಜ ಕೆಮ್ಮುವುದಕ್ಕೂ ಒಂದು ಕಾರಣ ಬೇಕೇ? ಬೇಕಂತೆ. ಅದಕ್ಕೂ ಹಾಡು.

ಮಧ್ಯಂತರದಲ್ಲಿ ಚುರುಮುರಿ ಪೊಟ್ಟಣ ಬಿಚ್ಚುವಷ್ಟರಲ್ಲಿ ಥಿಯೇಟರು ಎರಡು ಪಕ್ಷವಾಗಿತ್ತು.

“ದೊಡ್ಡಜ್ಜನ್ನ ಕುಣಿಸಿ ಮರ್ಯಾದಿ ಕಳದ್ರು,” ಎಂದು ಹಿಂದಿನ ಸಾಲಿನ ಮುದುಕರೊಬ್ಬರು ಕೂಗಿದರು. “ಆ ಮನುಷ್ಯಾ ಹಳೇದ್ರಾಗ ನಗಲೂ ಇಲ್ಲ!”

“ಹರೇದಾಗ ನೀವು ಕುಣಿದಿಲ್ಲೇನ್ ತಾತಾ?” ಎಂದಿತು ಕಾಲೇಜಿನ ಹುಡುಗಿಯರ ಗುಂಪು.

“ಸೌಂಡ್ ಮಾತ್ರ ಮಸ್ತ್ ಐತ್ರಿ ಮಾವಾರ. ನಮ್ಮ ಪ್ಲಾಂಟಿನಾಗೂ ಇಷ್ಟು ಸೌಂಡಿಲ್ಲ,” ಎಂದ ಲಿಂಗರಾಜ್.

“ನನಗ ಭಾಳ ಸೇರಿತವ್ವ. ಹಳೇದ್ರಾಗ ಬರೀ ಅಳೋದು,” ಎಂದರು ಸುವರ್ಣಮ್ಮನವರು.

ಹೆಂಡತಿಯೇ ಪಕ್ಷ ಬದಲಿಸಿದ್ದನ್ನು ಚನ್ನಯ್ಯನವರಿಗೆ ಸಹಿಸಲಾಗಲಿಲ್ಲ. ಎದ್ದು ನಿಂತು ಕೊಡೆಯನ್ನು ರಾಜದಂಡದ ಹಾಗೆ ಎತ್ತಿ ಹಿಡಿದರು. “ಕೇಳ್ರಿ ಇಲ್ಲಿ! ಹಳೇದರೊಳಗ ಕೊಡಿ ಹಿಡಿದವ ನಾನು! ಇದ ಆ ಕೊಡಿ! ನನ್ನ ಕಥಿ ಇನ್ನೂ ಬಂದಿಲ್ಲ. ಅದು ಬಂದ ಮ್ಯಾಲೆ ನಾನ ತೀರ್ಪು ಕೊಡ್ತೀನಿ. ಅಲ್ಲಿ ತನಕ ಎಲ್ಲಾರೂ ಬಾಯಿ ಮುಚ್ಕೊಂಡು ಕುಂದ್ರಿ!”

ಎರಡೂ ಪಕ್ಷದವರು ಚಪ್ಪಾಳೆ ತಟ್ಟಿದರು. ಸಿಳ್ಳೆಯೂ ಬಿತ್ತು. ಇಡೀ ಥಿಯೇಟರಿಗೆ ಈಗ ಚನ್ನಯ್ಯನವರು ಯಾರೆಂದು ಗೊತ್ತಾಯಿತು. ಎಡವಟ್ಟಾದದ್ದೂ ಇಲ್ಲೇ.

ಮಧ್ಯಂತರ ಮುಗಿದ ಹತ್ತು ನಿಮಿಷಕ್ಕೆ ಕೊಡೆ ಬಂತು. ಹರೆಯದ ದೊಡ್ಡಜ್ಜನಿಗೆ ಅವನ ತಾಯಿ ಸಾಯುವಾಗ ಕೊಟ್ಟುಹೋದ ಕೊಡೆ. ಅವನು ಹರಿಗೋಲಿನಲ್ಲಿ ಹೊಳೆ ದಾಟುವಾಗ ಪಕ್ಕದಲ್ಲಿ ಚಿಗುರುಮೀಸೆಯ ಹುಡುಗನೊಬ್ಬ ಕೂತಿದ್ದ.

“ಮಾವಾರ, ಅವ್ನ!” ಎಂದು ಸೌಜನ್ಯ ಪಿಸುಗುಟ್ಟಿದಳು. ಇಪ್ಪತ್ತಾರು ಜನ ಸೀಟಿನ ತುದಿಗೆ ಸರಿದರು. ಚನ್ನಯ್ಯನವರು ಮೀಸೆ ತೀಡಿಕೊಂಡರು.

ತೆರೆಯ ಮೇಲಿನ ಹುಡುಗ ಅತ್ತ ನೋಡಿದ. ಇತ್ತ ನೋಡಿದ. ಹರಿಗೋಲು ದಡ ಮುಟ್ಟುತ್ತಲೇ ಕೊಡೆ ಎತ್ತಿಕೊಂಡು ಓಟ ಕಿತ್ತ! ಹಿಂದೆಯೇ ನಲವತ್ತು ಜನ, “ಕಳ್ಳ ಕಳ್ಳ, ಕೊಡೆ ಕಳ್ಳ” ಎಂದು ತಾಳಕ್ಕೆ ತಕ್ಕಂತೆ ಹಾಡುತ್ತ ಓಡಿದರು.

ಥಿಯೇಟರು ಬಿದ್ದು ಬಿದ್ದು ನಕ್ಕಿತು. ಕಾಲೇಜಿನ ಹುಡುಗಿಯರು ತೆರೆಯನ್ನು ಬಿಟ್ಟು ಚನ್ನಯ್ಯನವರತ್ತ ತಿರುಗಿ ಹಾಡತೊಡಗಿದರು. ಹಿಂದಿನ ಸಾಲಿನ ಮುದುಕರೂ ದನಿಗೂಡಿಸಿದರು. ಎರಡು ಪಕ್ಷವಾಗಿದ್ದ ಜನ ಒಂದಾದರು!

“ತೀರ್ಪು ಕೊಡಪಾ ಚನ್ನಯ್ಯಾ!” ಎಂದ ಜಡೆಪ್ಪ.

ಚನ್ನಯ್ಯನವರು ದಡಕ್ಕನೆ ಎದ್ದರು. ಎದ್ದ ರಭಸಕ್ಕೆ ಕೊಡೆಯ ಗುಂಡಿ ಒತ್ತಿ, ಅದು ಫಟ್ಟನೆ ಬಿಚ್ಚಿಕೊಂಡು ಹಿಂದಿನ ಮೂರು ಸಾಲಿಗೆ ಗ್ರಹಣ ಹಿಡಿಸಿತು.

“ಸುಳ್ಳು! ಎಲ್ಲಾ ಸುಳ್ಳು!” ಎಂದು ಗುಡುಗಿದರು. “ನಾ ಕದ್ದಿಲ್ಲ! ಅವ್ರ ಬಿಟ್ಟು ಹೋಗಿದ್ರು! ಲಾರಿ ಹೋದ ಮ್ಯಾಲೆ ದಂಡಿ ಮ್ಯಾಲ ಬಿದ್ದಿತ್ತು, ನಾ ಬರೇ ಮನಿಗೆ ತಗೊಂಡು ಹ್ವಾದೆ, ಅಷ್ಟ!”

ಥಿಯೇಟರಿನ ನಗು ಇನ್ನೂ ಜೋರಾಯಿತು. ಚನ್ನಯ್ಯನವರ ಕಡೆಯ ಎರಡು ಸಾಲಿನವರು ಮಾತ್ರ ಸುವರ್ಣಮ್ಮನವರತ್ತ ತಿರುಗಿದರು.

“ಏನಂದ್ರಿ?” ಎಂದರು ಸುವರ್ಣಮ್ಮನವರು. ದನಿ ಸಣ್ಣದಿತ್ತು. ಅದೇ ಹೆದರಿಕೆಯ ವಿಷಯ. “ಹೀರೋ ತಬ್ಕೊಂಡು ಕೊಟ್ಟಿದ್ದಲ್ಲ?”

ಚನ್ನಯ್ಯನವರು ಕೊಡೆ ಮಡಚಲು ನೋಡಿದರು. ಮೂವತ್ತೆರಡು ವರ್ಷ ಕಪಾಟಿನಲ್ಲಿ ಮುದುಡಿದ್ದ ಕೊಡೆ, ಬಿಚ್ಚಿದ್ದು ಬಿಚ್ಚಿಯೇ ಉಳಿಯಿತು.

“ಮೂವತ್ತೆರಡು ವರ್ಷ ಕಳವಿನ ಮಾಲಿಗೆ ಇಬತ್ತಿ ಹಚ್ಚಿದೆನಲ್ರೀ! ಉಪಾಸ ಇದ್ದು ಹಚ್ಚಿದೆ! ನಿಂಬಿಹಣ್ಣು ಬ್ಯಾರೆ!”

ಆಗ ಕಾವಲಿನವನು ಬಂದ. ಛತ್ರಧಾರಿಯನ್ನು ಬಿಚ್ಚಿದ ಛತ್ರದ ಸಮೇತ ಹೊರಗೆ ಕರೆದೊಯ್ದು ಪೋಸ್ಟರಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. “ಬೇರು ಅಂದ್ರಲ್ರಿ ಯಜಮಾನ್ರ, ಬೇರಿಗೆ ನೀರು ಬೇಕೇನು?” ಎಂದು ಒಂದು ಲೋಟ ಕುಡಿಯಲೂ ಕೊಟ್ಟ.

ಚನ್ನಯ್ಯನವರು ಇನ್ನೈದು ನಿಮಿಷ ನಾಲಿಗೆ ಹಿಡಿದು ಕೂತಿದ್ದರೆ ಸಾಕಿತ್ತು! ತೆರೆಯ ಮೇಲೆ ಆ ಹುಡುಗ ಸಿಕ್ಕಿಬಿದ್ದ. ಜನ ಹೊಡೆಯಲು ಬಂದರೆ ದೊಡ್ಡಜ್ಜ ತಡೆದ. “ಕೊಡೆ ಅಷ್ಟು ಇಷ್ಟವೇನೋ? ಹಾಗಾದರೆ ಬದುಕಿರುವ ತನಕ ನನ್ನ ತಲೆ ಮೇಲೆ ನೀನೇ ಹಿಡಿ,” ಎಂದು ಅವನನ್ನು ಎತ್ತಿ ಅಪ್ಪಿಕೊಂಡ. ಅಂದಿನಿಂದ ಅವನು ದೊಡ್ಡಜ್ಜನ ನೆರಳಾದ. ಕಾಲೇಜಿನ ಹುಡುಗಿಯರು ಅತ್ತರು, ಮುದುಕರು ಟವೆಲ್ಲಿನಲ್ಲಿ ಮೂಗು ಒರೆಸಿಕೊಂಡರು. ಕಂಪ್ಲಿಯ ಛತ್ರಧಾರಿಗೆ ತೆರೆಯ ಮೇಲೆ ಕ್ಷಮೆ ಸಿಕ್ಕಾಗ ಅವರು ಹೊರಗೆ ಕಾವಲಿನವನ ಲೋಟದಲ್ಲಿ ನೀರು ಕುಡಿಯುತ್ತಿದ್ದರು.

ಸಿನಿಮಾ ಬಿಟ್ಟಿತು. ಎಲ್ಲರಿಗಿಂತ ಮುಂದೆ ಸುವರ್ಣಮ್ಮನವರು ಬಂದರು. ಕಣ್ಣು ಕೆಂಪಗಿದ್ದವು, ಅತ್ತದ್ದಕ್ಕೋ ಸಿಟ್ಟಿಗೋ ಚನ್ನಯ್ಯನವರಿಗೆ ತಿಳಿಯಲಿಲ್ಲ.

“ಏಳ್ರಿ.”

ಎದ್ದರು.

“ಟೆಂಪೋ ಕಾಲುವಿ ಆ ಕಡಿ ನಿಂತೈತಿ. ಬಿಸಲು ಭಾಳ ಐತಿ. ಹಿಡೀರಿ ಕೊಡಿ.”

“ಯಾರಿಗೆ?”

“ನಿಮ್ಮ ಹೀರೋಗ ಅಲ್ಲ. ನನಗ!”

ಹೊಸಪೇಟೆಯ ತುಂಬಿದ ರಸ್ತೆಯಲ್ಲಿ, ಆಟೋಗಳು ಹಾರನ್ನು ಒದರುತ್ತಿರಲು, ಸುವರ್ಣಮ್ಮನವರು ಸೆರಗು ಹೊದ್ದು ದೊಡ್ಡಜ್ಜನ ಗತ್ತಿನಲ್ಲಿ ನಡೆದರು. ಒಂದು ಹೆಜ್ಜೆ ಹಿಂದೆ ಕೊಡೆ ಎತ್ತಿ ಹಿಡಿದು ಚನ್ನಯ್ಯನವರು. ಅವರ ಹಿಂದೆ ಇಪ್ಪತ್ನಾಲ್ಕು ಜನರ ದಿಬ್ಬಣ. ಕೈ ಸೋತು ಕೊಡೆ ವಾಲಿದರೆ ಸುವರ್ಣಮ್ಮನವರು ಒಮ್ಮೆ ಕೆಮ್ಮುತ್ತಿದ್ದರು. ಕೊಡೆ ನೆಟ್ಟಗಾಗುತ್ತಿತ್ತು.

ಮರುದಿನ ಬೆಳಿಗ್ಗೆ ಚನ್ನಯ್ಯನವರು ಹೋಟೆಲಿನ ಕಡೆ ಮುಖ ಹಾಕಲಿಲ್ಲ. ಆದರೆ ಜಡೆಪ್ಪ ಮನೆಗೇ ಬಂದ, ಮೊಬೈಲು ಹಿಡಿದುಕೊಂಡು. ಸೌಜನ್ಯ ಹಿಡಿದಿದ್ದ ಆ ಮೆರವಣಿಗೆಯ ವಿಡಿಯೊ ರಾತ್ರಿ ಬೆಳಗಾಗುವುದರಲ್ಲಿ ಕಂಪ್ಲಿಯಿಂದ ಸಂಡೂರಿನ ತನಕ ಓಡಿತ್ತು.

“ನಿನ್ನ ಮಾನ ಹರಾಜಾತಲ್ಲೋ!” ಎಂದ ಜಡೆಪ್ಪ, ತೂತು ಕಂಡ ಖುಷಿಯಲ್ಲಿ.

ಚನ್ನಯ್ಯನವರು ಕನ್ನಡಕ ಏರಿಸಿ ನೋಡಿದರು. ಬಲಗೈ ಇತ್ತು, ಗಡಿಯಾರ ಇತ್ತು. ಮೀಸೆ ಎರಡೂ ಕಡೆಯದು ಇತ್ತು. ಕೊಡೆ ಹೆಂಡತಿಯ ತಲೆಯ ಮೇಲಿದ್ದದ್ದರಿಂದ ಮೂವತ್ತೆರಡು ವರ್ಷಗಳಲ್ಲಿ ಮೊದಲ ಸಲ ಮುಖ ಪೂರ್ತಿ ಕಾಣುತ್ತಿತ್ತು!

“ಎಷ್ಟು ಸೆಕೆಂಡ್ ಐತಿಲೇ ಇದು?” ಎಂದರು ಮೆಲ್ಲಗೆ.

“ಎರಡು ನಿಮಿಷ ಹತ್ತು ಸೆಕೆಂಡ್.”

ಚನ್ನಯ್ಯನವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ಹೇಳಲೇ ಜಡೆಪ್ಪಾ, ಹಳೇದು ಚೊಲೊ ಐತೋ, ಹೊಸದು ಚೊಲೊ ಐತೋ?”

ಉತ್ತರ ಅಡುಗೆಮನೆಯಿಂದ ಬಂತು.

“ಹೊಸದ ಚೊಲೊ ಐತಿ,” ಎಂದರು ಸುವರ್ಣಮ್ಮನವರು, ಚಹಾದ ಬಸಿಯನ್ನು ಗಂಡನ ಮುಂದೆ ಟಕ್ಕನೆ ಇಟ್ಟು. “ಹಳೇದ್ರಾಗ ಕಳ್ಳ ಯಾರಂತ ಕಾಣ್ತಿದ್ದಿಲ್ಲ!”