ಗುಂಡಿಯ ನೀರು ಇಂಗಲಿಲ್ಲ

ಅಂಗಳದಲ್ಲಿ ಗುಲಾಬಿ ಸತ್ತಿತು, ದಾಸವಾಳ ಸತ್ತಿತು, ಕೊನೆಗೆ ಕ್ರೋಟನ್ ಗಿಡವೂ ಅದೇ ದಾರಿ ಹಿಡಿಯಿತು. ಗುಮಾಸ್ತರ ಹೆಂಡತಿ ತೀರ್ಪು ಕೊಟ್ಟರು: "ಸಂಜೆ ಮೇಸ್ತ್ರಿ ಬರ್ತಾನೆ. ಕಲ್ಲು ಹಾಸಿಸಿಬಿಡೋಣ. ನಮ್ಮಣ್ಣನ ಕಾರಿಗಾದ್ರೂ ಜಾಗ ಆಗತ್ತೆ."

ಗುಮಾಸ್ತರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಾರು ನಿಂತರೆ ಭಾವಮೈದುನನೂ ನಿಲ್ಲುತ್ತಾನೆ. ನಿಂತರೆ ತಿಂಗಳುಗಟ್ಟಲೆ ನಿಲ್ಲುತ್ತಾನೆ.

"ಮಣ್ಣು ನೋಡದೆ ಗಿಡ ತಂದಿದ್ದೇ ತಪ್ಪು ಕಣೇ. ಸಂಜೆವರೆಗೆ ಟೈಮ್ ಕೊಡು. ಈ ಮಣ್ಣಿಗೆ ಒಗ್ಗೋ ಗಿಡ ತಂದು ತೋರಿಸ್ತೀನಿ."

ಪರೀಕ್ಷೆ ಸುಲಭದ್ದು. ಮೊಣಕಾಲಾಳದ ಗುಂಡಿ ತೋಡಿ ನೀರು ತುಂಬಬೇಕು. ಬೇಗ ಇಂಗಿದರೆ ಮರಳುಮಣ್ಣು, ಒಣನೆಲದ ಗಿಡ ಹಾಕಬೇಕು. ನಿಂತರೆ ಜೇಡಿಮಣ್ಣು, ತೇವ ಬೇಡುವ ಗಿಡವೇ ಸರಿ.

ಗುಮಾಸ್ತರು ಅಗೆಯುತ್ತಿದ್ದಾಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಮೇಲೆ ಗಲ್ಲ ಊರಿದರು. "ಬಾವಿಯೇನ್ರೀ?"

"ಅಲ್ಲ."

"ಮತ್ತೆ?"

"ಗುಂಡಿ ತುಂಬ ನೀರಿರ್ಬೇಕು, ಅಷ್ಟೇ," ಎಂದು ಗುಮಾಸ್ತರು ಮಾತು ಕತ್ತರಿಸಿದರು. ವಿಷಯ ಬಿಡಿಸಿ ಹೇಳಿದರೆ ಮಧ್ಯಾಹ್ನದವರೆಗೆ ಪಾಠ ಕೇಳಬೇಕಾದೀತೆಂಬ ಭಯ.

ನೀರು ತುಂಬಿಸಿ ಕುರ್ಚಿ ಎಳೆಯುವಷ್ಟರಲ್ಲಿ ಒಳಗಿನಿಂದ ಕರೆ ಬಂತು. ಅಟ್ಟದ ಡಬ್ಬ ಇಳಿಸಬೇಕು. ಇಳಿಸಿ ಬಂದರೆ ನೀರು ಅಂಚಿನವರೆಗೆ. ಆಮೇಲೆ ಫ್ಯಾನು ಒರೆಸಬೇಕು. ಒರೆಸಿ ಬಂದರೂ ಅಂಚಿನವರೆಗೆ. ಊಟ ಮುಗಿಸಿ ಬಂದಾಗಲೂ ನೀರು ಹಳೇ ಬಾಡಿಗೆದಾರನಂತೆ ಅಲ್ಲಾಡದೆ ಕೂತಿತ್ತು.

"ಅಪ್ಪಟ ಜೇಡಿ," ಎಂದು ಗುಮಾಸ್ತರು ನರ್ಸರಿಗೆ ಓಡಿದರು. ಕೆಸುವಿನ ಜಾತಿಯ ದೊಡ್ಡೆಲೆ ಗಿಡಗಳನ್ನು ಗಾಡಿ ತುಂಬ ಹೇರಿಸಿದರು.

"ಇದರ ಬುಡ ಸದಾ ಒದ್ದೆ ಇರ್ಬೇಕು ಸಾರ್," ಎಂದ ನರ್ಸರಿಯವನು.

"ನಮ್ಮನೆ ಅಂಗಳ ಅಂದ್ರೆ ಕೆರೆ ಕಣಯ್ಯ."

ನೆಟ್ಟ ಮೇಲೆ ಅಂಗಳ ಹಸಿರಾಯಿತು. ಆದರೆ ಬಿಸಿಲು ಇಳಿಯುವ ಮೊದಲೇ ಎಲೆಗಳು ಬೈಸಿಕೊಂಡ ಮಕ್ಕಳಂತೆ ತಲೆ ತಗ್ಗಿಸಿದವು. ಒಂದು ಬಕೆಟ್ ಸುರಿದರೆ ಮಣ್ಣು ಗುಳುಕ್ಕೆಂದು ನುಂಗಿ ಬಾಯಿ ಒರೆಸಿಕೊಂಡಿತು. ಇನ್ನೊಂದಕ್ಕೂ ಅದೇ ಗತಿ.

"ನಿಮ್ಮ ಮಣ್ಣು ಜರಡಿ ಕಣ್ರೀ," ಮೇಷ್ಟ್ರ ಗಲ್ಲ ಮತ್ತೆ ಕಾಂಪೌಂಡೇರಿತು. "ನೀವು ಒಳಗೆ ಹೋದಾಗಲೆಲ್ಲ ಗುಂಡಿ ಖಾಲಿ. ತುಂಬಿರ್ಬೇಕು ಅಂದಿದ್ರಲ್ಲ, ಪಾಪ ಅಂತ ನಾನೇ ಪೈಪ್ ಬಿಡ್ತಿದ್ದೆ."

ಗುಮಾಸ್ತರು ಮತ್ತೆ ನೀರು ಹೊರತೊಡಗಿದರು. ಬಕೆಟ್ ಹೊತ್ತೂ ಹೊತ್ತೂ ಸೊಂಟ ಬಿಲ್ಲಾದಾಗ ಮೇಸ್ತ್ರಿ ಬಂದ. ಅವನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು: "ನಾಳೇನೇ ಕಲ್ಲು ಹಾಸಿಬಿಡಪ್ಪ."

"ಕಲ್ಲು ಬೇಡಪ್ಪಾ, ನೀನು ಹೊರಡು," ಹೆಂಡತಿ ಬಾಗಿಲಲ್ಲಿ ನಿಂತಿದ್ದರು, ಮುಖದಲ್ಲಿ ಹಿಂದೆಂದೂ ಕಾಣದ ಮೆಚ್ಚುಗೆ. "ಅಂಗಳ ಎಷ್ಟು ಚೆನ್ನಾಗಿ ಕಾಣ್ತಿದೆ ರೀ. ಅಣ್ಣಂಗೆ ಫೋನ್ ಮಾಡಿ ಹೇಳಿದೆ. ಕಾರಿಗೆ ಜಾಗ ಇಲ್ದಿದ್ರೆ ಬೇಡ, ಬಸ್ಸಲ್ಲೇ ಬರ್ತೀನಿ ಅಂದ. ತೋಟ ನೋಡ್ಕೊಂಡು ಒಂದು ತಿಂಗಳು ಇರ್ತಾನಂತೆ."

ಆಮೇಲೆ ಗಿಡಗಳತ್ತ ನೋಡಿ ಹುಬ್ಬು ಗಂಟಿಕ್ಕಿದರು.

"ನಿಂತೇ ಇದೀರಲ್ಲ, ಬಕೆಟ್ ಎಲ್ಲಿ?"